ಕ್ಲಚ್ಚಿನ ಆರೈಕೆ ಕೈಯಿಂದ ಕಾಲಿಗೆ ಬಂದ ಬಗೆ

ಕಾರಿನ ಕ್ಲಚ್ ಶುರುವಾದದ್ದು ಒಂದು ಚಪ್ಪಟೆ ಬೆಲ್ಟಿನಿಂದ. ಕಾರ್ಲ್ ಬೆಂಝ್ 1886ರಲ್ಲಿ ಪೇಟೆಂಟ್ ಪಡೆದ ಮೂರು ಚಕ್ರದ ವಾಹನದಲ್ಲಿ, ಸುಮ್ಮನೆ ತಿರುಗುವ ರಾಟೆಯ ಮೇಲಿದ್ದ ಬೆಲ್ಟನ್ನು ಪಕ್ಕದ ಬಿಗಿ ರಾಟೆಗೆ ಸರಿಸಿದರೆ ಗಾಡಿ ಹೊರಡುತ್ತಿತ್ತು. ಅಂದಿನ ಕಾರ್ಖಾನೆಗಳಲ್ಲಿ ಯಂತ್ರಗಳನ್ನು ಓಡಿಸುತ್ತಿದ್ದ ಕ್ರಮವೇ ಇದು.

ಎಂಜಿನ್ನಿನ ಬಲ ಹೆಚ್ಚಿದಂತೆ ಬೆಲ್ಟ್ ಸಾಲದಾಯಿತು; ಶಂಕುವಿನ ಆಕಾರದ ಕ್ಲಚ್ ಬಂತು. ಎಂಜಿನ್ನಿನ ಜೊತೆ ತಿರುಗುವ ಫ್ಲೈವೀಲಿನ ಒಳಗೆ ಬಿಗಿಯಾಗಿ ಕೂರುವ ಲೋಹದ ಶಂಕು, ಅದರ ಮೈಗೆ ರಿವೆಟ್ ಹೊಡೆದು ಕೂರಿಸಿದ ತೊಗಲು, ಹಿಂದಿನಿಂದ ಒತ್ತಿ ಹಿಡಿಯುವ ಸ್ಪ್ರಿಂಗ್: ಇಷ್ಟೇ ಅದರ ರಚನೆ. ಆದರೆ ತೊಗಲಿಗೆ ನಿತ್ಯದ ಉಪಚಾರ ಬೇಕಿತ್ತು. ಒಣಗಿದರೆ ಅದು ಫ್ಲೈವೀಲನ್ನು ಗಕ್ಕನೆ ಹಿಡಿದು ಗಾಡಿ ಎಗರಿಬೀಳುತ್ತಿತ್ತು. ಆಗ ಚಾಲಕ ಅದಕ್ಕೆ ಹರಳೆಣ್ಣೆಯನ್ನೋ ದನದ ಕಾಲೆಲುಬು ಬೇಯಿಸಿ ತೆಗೆದ ಎಣ್ಣೆಯನ್ನೋ ಸವರಿ ಮೆತ್ತಗಾಗಿಸುತ್ತಿದ್ದ. ಎಂಜಿನ್ನಿನ ಎಣ್ಣೆ ತಾಗಿ ಜಾರತೊಡಗಿದರೆ ಮುಲ್ತಾನಿ ಮಿಟ್ಟಿಯಂಥ ಜೇಡಿಪುಡಿ ಉದುರಿಸಬೇಕಿತ್ತು. ಗಾಡಿ ಓಡಿಸಲು ಕಲಿಯುವವನು ಮೊದಲು ತೊಗಲಿನ ಗುಣ ಕಲಿಯಬೇಕಾಗಿದ್ದ ಕಾಲ ಅದು.

1908ರಲ್ಲಿ ಬಂದ ಫೋರ್ಡ್ ಮಾಡೆಲ್ ಟಿ ಈ ಪಾಠವನ್ನು ಕಾಲಿಗೆ ದಾಟಿಸಿತು. ಅದರ ಎಡ ಪೆಡಲನ್ನು ಪೂರ್ತಿ ಒತ್ತಿದರೆ ಕೆಳ ಗೇರ್, ನಡುವೆ ನ್ಯೂಟ್ರಲ್, ಬಿಟ್ಟರೆ ಮೇಲಿನ ಗೇರ್. ಏರಿನಲ್ಲಿ ಕಾಲು ಸೋತು ಪೆಡಲ್ ಅರ್ಧಕ್ಕೆ ಬಂದರೆ ಕೆಳ ಗೇರಿಗಾಗಿ ಡ್ರಮ್ಮನ್ನು ಬಿಗಿಹಿಡಿಯುವ ಒಳಗಿನ ಪಟ್ಟಿ ಅದರ ಮೇಲೆ ಜಾರಿ, ಪಟ್ಟಿಯ ಹತ್ತಿಯ ಲೈನಿಂಗ್ ಬೇಗ ಸವೆಯುತ್ತಿತ್ತು.

ಇಷ್ಟರಲ್ಲಿ ಲೈನಿಂಗ್ ತಯಾರಿಕೆಯೂ ಬದಲಾಗಿತ್ತು. ಇಂಗ್ಲೆಂಡಿನಲ್ಲಿ 1897ರಲ್ಲಿ ಫೆರೋಡೋ ಉದ್ಯಮಕ್ಕೆ ಬುನಾದಿ ಹಾಕಿದ ಹರ್ಬರ್ಟ್ ಫ್ರೂಡ್ ಮುಂದೆ ಬಿಸಿಗೆ ಕರಗದ, ಸುಡದ ಕಲ್ನಾರಿನ ಲೈನಿಂಗುಗಳನ್ನು ತಯಾರಿಸಿದ. ಅಂಥ ಲೈನಿಂಗ್ ಹೊತ್ತ ಒಂಟಿ ಒಣ ಪ್ಲೇಟಿನ ಕ್ಲಚ್ 1920ರ ದಶಕದ ಹೊತ್ತಿಗೆ ಎಲ್ಲೆಡೆ ಹರಡಿತು. ಇಂದಿನ ಸಾಮಾನ್ಯ ಕಾರಿನಲ್ಲಿರುವುದೂ ಮೂಲತಃ ಅದೇ. ಮುಂದೆ ಪ್ಲೇಟನ್ನು ಒತ್ತಿ ಹಿಡಿಯುತ್ತಿದ್ದ ಸಾಲು ಸ್ಪ್ರಿಂಗುಗಳ ಜಾಗಕ್ಕೆ ತಟ್ಟೆಯಾಕಾರದ ಡಯಾಫ್ರಮ್ ಸ್ಪ್ರಿಂಗ್ ಬಂದು ಪೆಡಲ್ ಹಗುರವಾಯಿತು. ಕಲ್ನಾರಿನ ಧೂಳು ಶ್ವಾಸಕೋಶಕ್ಕೆ ಮಾರಕವೆಂದು ಖಚಿತವಾದ ಮೇಲೆ, ಬಹಳ ತಡವಾಗಿ, ಯುರೋಪ್ ಒಕ್ಕೂಟ 2005ರಿಂದ ಕಲ್ನಾರನ್ನು ತನ್ನ ದೇಶಗಳಲ್ಲಿ ನಿಷೇಧಿಸಿತು. ಅಷ್ಟರೊಳಗೆ ಎಷ್ಟೋ ಮೆಕ್ಯಾನಿಕ್ಕುಗಳು ಆ ಧೂಳನ್ನು ಉಸಿರಾಡಿ ಆಗಿತ್ತು.

ಒಣ ಪ್ಲೇಟಿಗೆ ಎಣ್ಣೆ, ಪುಡಿಯ ಉಪಚಾರ ಬೇಡ. ಉಳಿದ ಆರೈಕೆಯೆಲ್ಲ ಎಡಗಾಲಿನದು. ಪ್ಲೇಟಿನ ಲೈನಿಂಗ್ ಕೆಲವೇ ಮಿಲಿಮೀಟರ್ ದಪ್ಪ. ಅದು ಸವೆಯುವುದು ಜಾರುವಾಗ ಮಾತ್ರ. ಆಗುಂಬೆಯಂಥ ಘಾಟಿಯ ತಿರುವಿನಲ್ಲಿ ಬ್ರೇಕ್ ಬಿಟ್ಟು ಹಾಫ್ ಕ್ಲಚ್ಚಿನಲ್ಲೇ ಗಾಡಿ ನಿಲ್ಲಿಸಿಕೊಂಡರೆ ಸುಟ್ಟ ವಾಸನೆ ಬರುವುದು ಇದರಿಂದಲೇ. ಹ್ಯಾಂಡ್‌ಬ್ರೇಕ್ ಹಾಕಿ ನಿಂತರೆ ಪ್ಲೇಟ್ ಉಳಿಯುತ್ತದೆ. ಪೆಡಲಿನ ಮೇಲೆ ಕಾಲಿಟ್ಟುಕೊಂಡೇ ಓಡಿಸಬಾರದೆಂಬ ಬುದ್ಧಿಮಾತಿಗೂ ಹಳೆಯ ಕಾರಣವಿದೆ: ಎಂಜಿಬಿಯಂಥ ಹಳೆಯ ಬ್ರಿಟಿಷ್ ಕಾರುಗಳಲ್ಲಿ ಪೆಡಲ್ ಒತ್ತಿದಾಗ ಕ್ಲಚ್ ಬಿಡಿಸುವ ರಿಲೀಸ್ ಬೇರಿಂಗ್ ಬರೀ ಇಂಗಾಲದ ಉಂಗುರವಾಗಿದ್ದು, ಕಾಲಿನ ಭಾರ ಬಿದ್ದಷ್ಟು ಹೊತ್ತೂ ತೇಯುತ್ತಿತ್ತು. ಗುಂಡಿನ ಬೇರಿಂಗ್ ಬಂದ ಮೇಲೂ ಆ ಮಾತು ಸುಳ್ಳಾಗಿಲ್ಲ.

2014ರಲ್ಲಿ ಮಾರುತಿ ಸೆಲೆರಿಯೊದೊಂದಿಗೆ ತಾನೇ ಗೇರ್ ಬದಲಿಸುವ ಎಎಂಟಿ ಗೇರ್‌ಬಾಕ್ಸ್ ಭಾರತದ ಸಣ್ಣ ಕಾರುಗಳಿಗೆ ಬಂತು. ಅದರಲ್ಲಿ ಕ್ಲಚ್ ಪೆಡಲ್ ಇಲ್ಲ, ಆದರೆ ಒಳಗೆ ಅದೇ ಒಣ ಪ್ಲೇಟ್ ಇದೆ. ಕಾಲಿನ ಬದಲು ಯಂತ್ರ ಅದನ್ನು ಬಿಡಿಸಿ ಕೂಡಿಸುತ್ತದೆ. ಏರಿನಲ್ಲಿ ಆಕ್ಸಿಲರೇಟರ್ ಒತ್ತಿ ಗಾಡಿಯನ್ನು ಹಿಡಿದು ನಿಲ್ಲಿಸಿದರೆ ಅಲ್ಲೂ ಪ್ಲೇಟ್ ಜಾರಿ ಸವೆಯುತ್ತದೆ.