ಮಾನಸಾಂತರ ಮತ್ತು ರಕ್ಷಣೆಯ ತುರ್ತು: ನಾರ್ತಾಂಪ್ಟನ್, 1734–35

ಪಾಪಿಯೊಬ್ಬ ತನ್ನ ನಿಜಸ್ಥಿತಿಯನ್ನು ಅರಿತು, ಪಶ್ಚಾತ್ತಾಪಪಟ್ಟು, ದೇವರ ಕೃಪೆಯಿಂದ ಒಳಗೇ ಬದಲಾಗುವುದನ್ನು ಪ್ರಾಟೆಸ್ಟಂಟ್ ಕ್ರೈಸ್ತರು ಮಾನಸಾಂತರ ಎನ್ನುತ್ತಾರೆ. ಒಂದು ಮತ ಬಿಟ್ಟು ಇನ್ನೊಂದನ್ನು ಸೇರುವ ವಿಚಾರ ಇದಲ್ಲ. ಈ ಲೇಖನದಲ್ಲಿ ಬರುವವರು ಬಹುತೇಕ ಹುಟ್ಟಾ ಕ್ರೈಸ್ತರು, ಭಾನುವಾರ ತಪ್ಪದೆ ದೇವಾಲಯಕ್ಕೆ ಹೋಗುತ್ತಿದ್ದವರು. ಅಂಥವರಿಗೂ ರಕ್ಷಣೆಯನ್ನು ತಡಮಾಡದೆ ಹುಡುಕಿರೆಂದು ಒತ್ತಿ ಹೇಳುವ ಬೋಧನೆ ಅಮೆರಿಕದ ಮ್ಯಾಸಚೂಸೆಟ್ಸ್ ವಸಾಹತಿನ ನಾರ್ತಾಂಪ್ಟನ್ ಊರಿನಲ್ಲಿ 1734–35ರಲ್ಲಿ ಎದ್ದ ಉಜ್ಜೀವನದಿಂದ ಹೆಸರಾಯಿತು. ಈ ತುರ್ತನ್ನು 'ಈಗಲೇ ತೀರ್ಮಾನಿಸು' ಎಂಬ ಕರೆಯೆಂದು ಅರ್ಥೈಸುವುದೇ ರೂಢಿ. ಆಧಾರಗಳು ಬೇರೆಯದನ್ನೇ ಹೇಳುತ್ತವೆ. ಆ ಕಾಲದವರು ಅವಸರಪಡಿಸಿದ್ದು ಹುಡುಕಾಟವನ್ನು. ಫಲ ಯಾವಾಗ, ಯಾರಿಗೆ ಎಂಬುದನ್ನು ದೇವರಿಗೇ ಬಿಟ್ಟಿದ್ದರು. ಇವೆರಡನ್ನೂ ಒಂದು ಮಾಡಿದ್ದು 19ನೇ ಶತಮಾನ.

ನಾರ್ತಾಂಪ್ಟನ್ನಿನ ಉಜ್ಜೀವನಕ್ಕೂ ಮೊದಲಿನ ಪ್ಯೂರಿಟನ್ ಬೋಧಕರಿಗೆ, ಅದರಲ್ಲೂ ಥಾಮಸ್ ಹೂಕರ್ ಮತ್ತು ಥಾಮಸ್ ಶೆಪರ್ಡ್ ಅವರಿಗೆ, ಮಾನಸಾಂತರವೆಂದರೆ ದೀರ್ಘ ಸಿದ್ಧತೆ ಬೇಡುವ ಹಾದಿ. ಪಾಪಪ್ರಜ್ಞೆ, ಭಯ, ತನ್ನಿಂದ ಏನೂ ಆಗದೆಂಬ ಶರಣಾಗತಿ, ಇವೆಲ್ಲ ದಾಟಿದ ಮೇಲೆ ಕೃಪೆ. ಎರಡನೆಯ ತಲೆಮಾರಿನಲ್ಲಿ ಇಂಥ ಅನುಭವವನ್ನು ಹೇಳಿಕೊಳ್ಳಬಲ್ಲವರೇ ಕಡಿಮೆಯಾದರು. 1662ರ ಸಭಾಮಂಡಲ ಹಾಗೆ ಹೇಳಿಕೊಳ್ಳಲಾಗದವರ ಮಕ್ಕಳಿಗೂ ದೀಕ್ಷಾಸ್ನಾನ ಕೊಡಬಹುದೆಂದಿತು. ನಾರ್ತಾಂಪ್ಟನ್ನಿನ ಸಭಾಪಾಲಕ ಸಾಲೊಮನ್ ಸ್ಟಾಡರ್ಡ್ ಇನ್ನೂ ಮುಂದೆ ಹೋಗಿ, ಕರ್ತನ ಭೋಜನವೇ ಮಾನಸಾಂತರಕ್ಕೆ ಸಾಧನವಾಗಬಲ್ಲದೆಂದು ಅದನ್ನು ಮಾನಸಾಂತರವಾಗದ ಸಜ್ಜನರಿಗೂ ತೆರೆದಿಟ್ಟ. 1729ರಲ್ಲಿ ಅವನ ಜಾಗಕ್ಕೆ ಬಂದವನು ಅವನ ಮಗಳ ಮಗ ಜೊನಾಥನ್ ಎಡ್ವರ್ಡ್ಸ್.

1734ರಲ್ಲಿ ಊರಿನಲ್ಲಿ ಗಟ್ಟಿಮುಟ್ಟಾದ ತರುಣನೊಬ್ಬ ಹಠಾತ್ತನೆ ತೀರಿಕೊಂಡ, ಅವನ ಬೆನ್ನಿಗೇ ಮದುವೆಯಾಗಿದ್ದ ಒಬ್ಬ ಯುವತಿಯೂ ಹೋದಳು. ಡಿಸೆಂಬರ್ ಕೊನೆಗೆ ಐದಾರು ಮಂದಿಗೆ ಮಾನಸಾಂತರವಾಯಿತು. ಅವರಲ್ಲೊಬ್ಬಳು ಗೆಳೆಯ ಗೆಳತಿಯರ ಕೂಟಗಳಿಗೇ ಹೆಸರಾದವಳು. ಜನ ಇದನ್ನು ಹಗುರವಾಗಿ ತೆಗೆದುಕೊಂಡಾರೆಂದು ಎಡ್ವರ್ಡ್ಸ್ ಅಂಜಿದ, ಆದದ್ದು ತಿರುವುಮುರುವು. ಸುಮಾರು ಇನ್ನೂರು ಕುಟುಂಬಗಳ ಊರಿನಲ್ಲಿ ಆರು ತಿಂಗಳೊಳಗೆ ಮುನ್ನೂರಕ್ಕೂ ಹೆಚ್ಚು ಜನ ಬದಲಾದರೆಂಬುದು ಅವನ ಅಂದಾಜು. ಲೆಕ್ಕ ಹಾಕಿದವನು ಸಭಾಪಾಲಕನೇ ಎಂಬುದನ್ನು ಓದುಗರು ಮರೆಯಬಾರದು. ಐಸಾಕ್ ವಾಟ್ಸ್ ಮತ್ತು ಜಾನ್ ಗೈಸ್ ಅವರ ಮುನ್ನುಡಿಯೊಂದಿಗೆ 1737ರಲ್ಲಿ ಲಂಡನ್ನಿನಲ್ಲಿ ಅಚ್ಚಾದ ಅವನ ವರದಿಯ ಬೆಲೆ ಇರುವುದು ಅದು ಕೊಡುವ ವ್ಯಕ್ತಿಚಿತ್ರಗಳಲ್ಲಿ. ಅಬಿಗೇಲ್ ಹಚಿನ್ಸನ್ ಎಂಬ ರೋಗಪೀಡಿತ ಅವಿವಾಹಿತೆಯದು ಅವುಗಳಲ್ಲಿ ಒಂದು. ಸೋಮವಾರ ಅಣ್ಣತಮ್ಮಂದಿರಲ್ಲೊಬ್ಬನ ಮಾತು ಅವಳಿಗೆ ನಾಟಿತು. ಆ ಕೂಟದ ಹುಡುಗಿಗೆ ಕೃಪೆ ಸಿಕ್ಕಿತಲ್ಲಾ ಎಂಬ ಮತ್ಸರವೂ ಜೊತೆಗಿತ್ತು. ಸತ್ಯವೇದವನ್ನು ಮೊದಲ ಪುಟದಿಂದ ಓದುತ್ತ ಹೋಗುವುದೆಂದು ಕುಳಿತಳು. ಗುರುವಾರ ಪಾಪದ ಅರಿವು ಒಮ್ಮೆಲೇ ಎರಗಿ, ಆ ಕ್ರಮ ಬಿಟ್ಟು ಹೊಸ ಒಡಂಬಡಿಕೆಗೆ ತಿರುಗಿದಳು. ಶನಿವಾರ ಓದಿ ಓದಿ ಕಣ್ಣು ಮಂಜಾಯಿತು. ಭಾನುವಾರ ಮೈ ತೀರ ಸೋತಿದ್ದರಿಂದ ಮನೆಯವರು ಆರಾಧನೆಗೆ ಕಳಿಸಲಿಲ್ಲ. ಬೆಳಗಾದ ಮೇಲೆ ಸಭಾಪಾಲಕನನ್ನು ಕಾಣುವುದೆಂದು ಮಲಗಿದವಳು ಸೋಮವಾರ ನಸುಕಿನಲ್ಲಿ ಎದ್ದಾಗ ಮನಸ್ಸು ಶಾಂತವಾಗಿತ್ತು. ಇಡೀ ವಾರದ ಆತುರವೆಲ್ಲ ಅವಳದು. ಶಾಂತಿ ಬಂದದ್ದು ಮಾತ್ರ ಅವಳು ಹಾಕಿಕೊಂಡ ಯಾವ ಏರ್ಪಾಡಿನಿಂದಲೂ ಅಲ್ಲ. ಎಡ್ವರ್ಡ್ಸ್ ಇಂಥವಳನ್ನು ಮಾದರಿಯಾಗಿ ಆರಿಸಿಕೊಂಡದ್ದು ಆಕಸ್ಮಿಕವಿರಲಾರದು.

ಕೃಪೆ ದೇವರ ಕೈಯಲ್ಲೇ ಇದ್ದರೆ ಮನುಷ್ಯನನ್ನು ಅವಸರಪಡಿಸುವುದೇಕೆ ಎಂಬ ಆಕ್ಷೇಪ ಸಹಜ. ಲೂಕನ ಸುವಾರ್ತೆಯ 16:16ನ್ನು ಹಿಡಿದು 1735ರ ಆರಂಭದಲ್ಲಿ ಮಾಡಿದ ಪ್ರಸಂಗದಲ್ಲಿ ಎಡ್ವರ್ಡ್ಸ್ ಇದಕ್ಕೆ ಉತ್ತರಿಸುತ್ತಾನೆ: ಹುಡುಕುವವನ ಶ್ರಮ ದೇವರನ್ನು ಸಾಲಗಾರನನ್ನಾಗಿ ಮಾಡದು, ಆದರೂ ಕೃಪೆ ಸಾಮಾನ್ಯವಾಗಿ ಬರುವುದು ಹುಡುಕುವ ದಾರಿಯಲ್ಲೇ. ಇಚ್ಛಾಸ್ವಾತಂತ್ರ್ಯದ ಮೇಲಿನ ಅವನ 1754ರ ಗ್ರಂಥ ಇದಕ್ಕೆ ತಾತ್ವಿಕ ಬುನಾದಿ ಹಾಕಿತು. ಪಾಪಿಗೆ ಬುದ್ಧಿಯೂ ಶಕ್ತಿಯೂ ಇವೆ, ಇಲ್ಲದಿರುವುದು ಮನಸ್ಸು, ಮನಸ್ಸಿಲ್ಲವೆಂಬುದು ನೆಪವಾಗಲಾರದು. ಈ ವಾದ ಎಲ್ಲರಿಗೂ ಒಪ್ಪಿತವಾಗಿಲ್ಲ, ಆದರೆ ಆಕ್ಷೇಪವನ್ನು ಅವನು ಕಡೆಗಣಿಸಿದನೆನ್ನುವಂತಿಲ್ಲ.

ಇದೆಲ್ಲ ಬರೀ ನರಕಭಯದ ವ್ಯಾಪಾರ ಎಂಬುದು ಇನ್ನೂ ಗಂಭೀರ ಆಕ್ಷೇಪ. 1741ರ ಜುಲೈ 8ರಂದು ಎನ್‌ಫೀಲ್ಡ್‌ನಲ್ಲಿ ಧರ್ಮೋಪದೇಶಕಾಂಡದ 32:35ರ ಮೇಲೆ ಎಡ್ವರ್ಡ್ಸ್ ಮಾಡಿದ ಪ್ರಸಂಗವನ್ನು ಸಭಿಕರ ಗೋಳಾಟದಿಂದಾಗಿ ನಡುವೆಯೇ ನಿಲ್ಲಿಸಬೇಕಾಯಿತು. ಅದಕ್ಕೂ ಕಹಿಯಾದ ಸಾಕ್ಷ್ಯ ನಾರ್ತಾಂಪ್ಟನ್ನಿನದೇ: 1735ರ ಜೂನ್ 1ರಂದು ಎಡ್ವರ್ಡ್ಸನ ಸಂಬಂಧಿ, ವ್ಯಾಪಾರಿ ಜೋಸೆಫ್ ಹಾಲಿ, ಆತ್ಮದ ಗತಿಯ ಚಿಂತೆಯಲ್ಲಿ ಕೊರಗಿ ಆತ್ಮಹತ್ಯೆ ಮಾಡಿಕೊಂಡ. ಉಜ್ಜೀವನದ ಕಾವು ಅಲ್ಲಿಂದ ಇಳಿಯಿತು. ಬಾಸ್ಟನ್ನಿನ ಚಾರ್ಲ್ಸ್ ಚಾನ್ಸಿ 1743ರಲ್ಲಿ ಇಂಥ ಉದ್ವೇಗವನ್ನು ಕಟುವಾಗಿ ಟೀಕಿಸಿದ. ಭಯದ ಪಾತ್ರವನ್ನು ಅಲ್ಲಗಳೆಯಲಾಗದು, ಹಾಲಿಯ ಸಾವಿಗೆ ಸಮರ್ಥನೆಯೂ ಇಲ್ಲ. ಆದರೆ ಭಯವೇ ಗುರಿಯಾಗಿದ್ದರೆ ಎಡ್ವರ್ಡ್ಸ್ 1746ರ ಗ್ರಂಥದಲ್ಲಿ ಭಾವದ ತೀವ್ರತೆಯಾಗಲಿ ದೇಹದ ನಡುಕವಾಗಲಿ ಕೃಪೆಗೆ ಪುರಾವೆಯಲ್ಲವೆಂದು ತಳ್ಳಿಹಾಕಿ, ಬಾಳಿನುದ್ದದ ನಡತೆಯನ್ನು ಅಳತೆಗೋಲಾಗಿ ಇಡುತ್ತಿರಲಿಲ್ಲ. ಅಜ್ಜನ ಉದಾರ ನಿಯಮವನ್ನು ಹಿಂತೆಗೆಯಲು ಹೊರಟದ್ದಕ್ಕೆ 1750ರಲ್ಲಿ ಸಭೆ ಅವನನ್ನೇ ಹೊರಗಟ್ಟಿತು.

1821ರಲ್ಲಿ ಮಾನಸಾಂತರ ಹೊಂದಿದ ವಕೀಲಿ ಉಮೇದುವಾರ ಚಾರ್ಲ್ಸ್ ಫಿನ್ನಿಯಿಂದ ಲೆಕ್ಕಾಚಾರ ಬದಲಾಯಿತು. ಉಜ್ಜೀವನ ಪವಾಡವಲ್ಲ, ಸರಿಯಾದ ಸಾಧನಗಳನ್ನು ಬಳಸಿದರೆ ಬರುವ ಫಲ ಎಂದು ಅವನು 1835ರಲ್ಲಿ ಬರೆದ. ಕಳವಳಗೊಂಡವರನ್ನು ಮುಂದಿನ ಬೆಂಚಿಗೆ ಕರೆದು ಅಲ್ಲೇ ನಿರ್ಧರಿಸಲು ಹೇಳುವುದು ಅವನ ಕ್ರಮ. ಈ ಬೆಂಚನ್ನು ಖಂಡಿಸಿ ಜಾನ್ ನೆವಿನ್ 1843ರಲ್ಲಿ ಪುಸ್ತಕವನ್ನೇ ಬರೆದ. ಅದೇ ಶತಮಾನದ ಇನ್ನೊಬ್ಬ ಬೋಧಕ ಡ್ವೈಟ್ ಮೂಡಿ 1871ರ ಅಕ್ಟೋಬರ್ 8ರ ಸಂಜೆ ಶಿಕಾಗೋದಲ್ಲಿ ಸಭಿಕರಿಗೆ ಒಂದು ವಾರ ಯೋಚಿಸಿ ಬರುವಂತೆ ಹೇಳಿ ಕಳಿಸಿದ. ಅದೇ ರಾತ್ರಿ ಮಹಾ ಬೆಂಕಿ ಹೊತ್ತಿತು, ಆ ಸಭೆ ಮತ್ತೆ ಸೇರಲಿಲ್ಲ. ಯೋಚಿಸಲು ಹಾಗೆ ಗಡುವು ಕೊಟ್ಟದ್ದು ತನ್ನ ದೊಡ್ಡ ತಪ್ಪೆಂದು ಅವನು ಮುಂದೆ ಹೇಳಿಕೊಂಡ.