ಬಸವನಗುಡಿಯ ಇಟ್ಟಿಗೆಯ ಮನೆ

ದೇವಾಲಯ, ಕೋಟೆಗಳ ವಾಸ್ತುವನ್ನು ಕುರಿತು ನಮ್ಮಲ್ಲಿ ಸಾಕಷ್ಟು ವಿವೇಚನೆ ನಡೆದಿದೆ. ಜನರು ಬಾಳಿದ ಮನೆಗಳನ್ನು ಕುರಿತು ಅಷ್ಟಾಗಿ ನಡೆದಿಲ್ಲ. ಮನೆಯೂ ಒಂದು ಐತಿಹಾಸಿಕ ದಾಖಲೆಯೆಂಬುದನ್ನು ಬೆಂಗಳೂರಿನ ಎರಡು ಬಗೆಯ ಮನೆಗಳ ಹೋಲಿಕೆಯಿಂದ ತೋರಿಸುವುದು ಈ ಲೇಖನದ ಉದ್ದೇಶ.

ಮೊದಲನೆಯದು ಹಳೆಯ ಪೇಟೆಯ ಮನೆ. ಇದು ಬೀದಿಗೆ ಹೊಂದಿಕೊಂಡದ್ದು. ಅನೇಕ ಕಡೆ ನೆರೆಮನೆಗೂ ಇದಕ್ಕೂ ನಡುಗೋಡೆ ಒಂದೇ. ಮುಂದೆ ಜಗಲಿ, ಒಳಗೆ ಪಡಸಾಲೆ, ನಡುವೆ ತೊಟ್ಟಿ. ಪಕ್ಕದ ಗೋಡೆಗಳಲ್ಲಿ ಕಿಟಕಿಗಳಿಗೆ ಎಡೆಯಿಲ್ಲವಾದ್ದರಿಂದ ಗಾಳಿ ಬೆಳಕುಗಳು ಬಹುಮಟ್ಟಿಗೆ ತೊಟ್ಟಿಯಿಂದಲೇ ಬರಬೇಕು.

1896ರಲ್ಲಿ ಮುಂಬಯಿಯಲ್ಲಿ ತಲೆದೋರಿದ ಪ್ಲೇಗು 1898ರಲ್ಲಿ ಬೆಂಗಳೂರನ್ನು ಮುಟ್ಟಿತು. ಅದರ ರೋಗಾಣುವನ್ನು 1894ರಲ್ಲಿಯೇ ಕಂಡುಹಿಡಿದಿದ್ದರೂ ಇಲಿಯ ಚಿಗಟವೇ ವಾಹಕವೆಂಬುದು ಆಗ ಇನ್ನೂ ಸರ್ವಮಾನ್ಯವಾಗಿರಲಿಲ್ಲ. ಇಕ್ಕಟ್ಟು, ಕತ್ತಲೆ, ಕೊಳೆಗಳ ಮೇಲೆಯೇ ಸಂದೇಹ ನೆಟ್ಟಿತ್ತು. ಬಸವನಗುಡಿ, ಮಲ್ಲೇಶ್ವರ ಬಡಾವಣೆಗಳು ರೂಪುಗೊಂಡುದು ಈ ಹಿನ್ನೆಲೆಯಲ್ಲಿ.

ಬಸವನಗುಡಿಯ ಮನೆ ನಿವೇಶನದ ನಡುವೆ ಬಿಡಿಯಾಗಿ ನಿಂತಿತು. ನಾಲ್ಕು ಕಡೆಯೂ ಕಿಟಕಿಗಳು ಸಾಧ್ಯವಾದುವು. ತೊಟ್ಟಿಯ ಕೆಲಸವನ್ನು ಸುತ್ತಲಿನ ಬಯಲು ವಹಿಸಿಕೊಂಡಿತು. ಜಗಲಿಯ ಸ್ಥಾನಕ್ಕೆ ವರಾಂಡ ಬಂದಿತು. ಸುಟ್ಟ ಇಟ್ಟಿಗೆ, ಸುಣ್ಣದ ಗಾರೆಗಳ ದಪ್ಪ ಗೋಡೆ; ಮರದ ತೊಲೆಗಳ ಮೇಲೆ ಇಟ್ಟಿಗೆಗಳನ್ನು ಅಂಚಿನ ಮೇಲೆ ನಿಲ್ಲಿಸಿ ಗಾರೆ ಹಾಕಿದ ಮದರಾಸು ತಾರಸಿ, ಇಲ್ಲವೆ ಮಂಗಳೂರು ಹೆಂಚು; ಕಿಟಕಿಗಳ ಮೇಲೆ ‘ಮಂಕಿ ಟಾಪ್’ ಎಂದು ಹೆಸರಾದ ಮರದ ಪಟ್ಟಿಗಳ ಚೂಪು ಮರೆ: ಇವು ಇದರ ಲಕ್ಷಣಗಳು. ಹಿಂಬದಿಯ ಕನ್ಸರ್ವೆನ್ಸಿ ಓಣಿಯನ್ನೂ ಮರೆಯುವಂತಿಲ್ಲ. ಶೌಚದ ಕೆಲಸ ಮಾಡುವವರು ಮುಂಬೀದಿಗೆ ಬಾರದೆ ಹಿಂದಿನಿಂದಲೇ ಬಂದುಹೋಗಲೆಂದು ಬಿಟ್ಟ ದಾರಿಯದು. ಆರೋಗ್ಯಸುಧಾರಣೆ ಜಾತಿಯ ಅಂತರವನ್ನು ಅಳಿಸದೆ ನಕ್ಷೆಯಲ್ಲಿಯೇ ಉಳಿಸಿಕೊಂಡಿತೆಂಬುದಕ್ಕೆ ಇದೇ ಸಾಕ್ಷಿ.

1948ರಲ್ಲಿ ಶಂಕುಸ್ಥಾಪನೆಯಾದ ಜಯನಗರದಲ್ಲಿ ಸುಣ್ಣ ಹೋಗಿ ಸಿಮೆಂಟು ಬಂದಿತು, ತೊಲೆ ಹೋಗಿ ಕಾಂಕ್ರೀಟು ಬಂದಿತು. ಆದರೆ ಮನೆಯ ಸುತ್ತಣ ಬಯಲು ಉಳಿಯಿತು. ಪ್ಲೇಗಿನ ನೆನಪು ಮಾಸಿದ ಮೇಲೂ ಅದು ಕಲಿಸಿದ ರೂಢಿ ಮುಂದುವರಿದುದು ಗಮನಾರ್ಹ.

ಇಂದು ಈ ಹಳೆಯ ಮನೆಗಳು ಒಂದೊಂದಾಗಿ ಅಳಿದು, ಅದೇ ನಿವೇಶನಗಳಲ್ಲಿ ಬಹುಮಹಡಿಯ ಕಟ್ಟಡಗಳು ಏಳುತ್ತಿವೆ. ಬೇರಾಗಿದ್ದ ಗೋಡೆಗಳು ಮತ್ತೆ ಹತ್ತಿರವಾಗುತ್ತಿವೆ. ಎಲ್ಲವನ್ನೂ ಉಳಿಸಿಕೊಳ್ಳುವುದು ಶಕ್ಯವಲ್ಲ. ಉಳಿದಿರುವವುಗಳ ನಕ್ಷೆ, ಅಳತೆ, ಛಾಯಾಚಿತ್ರಗಳನ್ನಾದರೂ ಸಂಗ್ರಹಿಸುವುದು ನಮ್ಮ ಕಾಲೇಜುಗಳ ಇತಿಹಾಸ ವಿದ್ಯಾರ್ಥಿಗಳಿಗೆ ಅಸಾಧ್ಯವಾದ ಕಾರ್ಯವೇನೂ ಅಲ್ಲ.