ನೆರೆಯ ಅಂಗಡಿ: ನಮ್ಮೂರ ಚರಿತ್ರೆಯ ಬರೆಯದ ಪುಟ

ಶತಮಾನೋತ್ಸವದ ಸಂಚಿಕೆಗಳಲ್ಲಿ ಸೇವೆ ಸಲ್ಲಿಸಿದ ಗುರುಗಳ ಹೆಸರು, ಕಟ್ಟಡಗಳ ವರ್ಷ, ದಾನಿಗಳ ಪಟ್ಟಿ ಇವು ಕ್ರಮವಾಗಿ ಅಚ್ಚಾಗುತ್ತವೆ. ಅದು ಸಲ್ಲತಕ್ಕ ಗೌರವವೇ. ಆದರೆ ನೂರು ವರ್ಷ ವಿಶ್ವಾಸಿಗಳ ಒಲೆ ಉರಿಯುವಂತೆ ನೋಡಿಕೊಂಡವರು ಯಾರೆಂಬ ಪ್ರಶ್ನೆಗೆ ಆ ಪುಟಗಳಲ್ಲಿ ಉತ್ತರ ಸಿಗುವುದಿಲ್ಲ. ಊರಿನ ಅಂಗಡಿಕಾರರೂ ಕಸಬುದಾರರೂ ನಮ್ಮ ಸಮುದಾಯದ ಚರಿತ್ರೆಗೆ ಸೇರಿದವರೆಂಬುದನ್ನು ಇಲ್ಲಿ ದಾಖಲಿಸಬಯಸುತ್ತೇವೆ.

ಭಾವಿಕೇರಿಯು ಅಂಕೋಲೆಯ ಪೇಟೆಗೂ ಬೇಲೇಕೇರಿಯ ಬಂದರಿಗೂ ಹತ್ತಿರದ ಊರು. ಸಮುದ್ರದ ಸರಕು ಮತ್ತು ಘಟ್ಟದ ಸರಕು ಕೈ ಬದಲಾಯಿಸುವ ಸೀಮೆಯಿದು. 1801ರಲ್ಲಿ ಕೆನರಾ ಪ್ರಾಂತವನ್ನು ಸಂಚರಿಸಿದ ಫ್ರಾನ್ಸಿಸ್ ಬುಕಾನನ್ ಅಂಕೋಲೆಯ ಮಾರ್ಗವಾಗಿಯೇ ಕಾರವಾರದ ಕಡೆಗೆ ಸಾಗಿದನು. ಊರೂರಿನ ಬೆಳೆ, ಕಸಬು, ವ್ಯಾಪಾರಗಳನ್ನು ಬರೆದಿಟ್ಟ ಅವನ ಗ್ರಂಥವು 1807ರಲ್ಲಿ ಲಂಡನ್ನಿನಲ್ಲಿ ಪ್ರಕಟವಾಯಿತು. ಪೇಟೆಯನ್ನು ಅರಿಯದೆ ನಾಡನ್ನು ಅರಿಯಲಾಗದೆಂಬುದನ್ನು ಆ ಪರದೇಶಿಯೂ ಬಲ್ಲವನಾಗಿದ್ದನು.

ಕೊಂಡುಕೊಳ್ಳುವುದು ಬರಿಯ ಲೆಕ್ಕದ ವಿಷಯವಲ್ಲವೆಂಬುದನ್ನು 1930ರ ಏಪ್ರಿಲ್ 13ರ ದಿನ ತೋರಿಸಿಕೊಟ್ಟಿತು. ಅಂದು ಎಂ. ಪಿ. ನಾಡಕರ್ಣಿಯವರ ಮುಂದಾಳುತನದಲ್ಲಿ ಅಂಕೋಲೆಯಲ್ಲಿ ಉಪ್ಪಿನ ಕಾಯಿದೆಯನ್ನು ಮುರಿಯಲಾಯಿತು. ತಮ್ಮ ಕಡಲಿನ ಉಪ್ಪನ್ನು ತಾವೇ ತಯಾರಿಸಿ ತಾವೇ ಬಳಸುವ ಹಕ್ಕಿಗಾಗಿ ನಮ್ಮ ತಾಲೂಕಿನ ಜನ ಸೆರೆಮನೆಗೆ ಹೋದರು. ಗಂಗಾವಳಿಯ ಆಚೆ, ಸಾಣಿಕಟ್ಟೆಯ ಗದ್ದೆಗಳಲ್ಲಿ ಇಂದಿಗೂ ಉಪ್ಪು ಬೆಳೆಯುತ್ತದೆ. ಅಂಗಡಿಯ ಮೂಲೆಯ ಗೋಣಿಚೀಲದಲ್ಲಿರುವ ಹರಳುಪ್ಪಿಗೆ ಇಂಥದೊಂದು ಚರಿತ್ರೆಯುಂಟು.

ಅಂಗಡಿಯು ಒಂದು ಬಗೆಯ ಶಾಲೆಯೂ ಆಗಿತ್ತು. 1957ರ ಏಪ್ರಿಲ್ 1ರಿಂದ ಹದಿನಾರಾಣೆಯ ರೂಪಾಯಿ ನೂರು ನಯೇಪೈಸೆಯ ರೂಪಾಯಿಯಾಯಿತು. 1958ರಿಂದ ಹಂತಹಂತವಾಗಿ ಸೇರು ಪಾವುಗಳು ಹಿಂದೆ ಸರಿದು ಕಿಲೋಗ್ರಾಂ, ಲೀಟರುಗಳು ಬಂದವು. ನಾಲ್ಕಾಣೆಗೆ ಇಪ್ಪತ್ತೈದು ಪೈಸೆಯೆಂಬುದು ಸರಿ, ಒಂದಾಣೆಗೆ ಎಷ್ಟು? ಆರೇಕಾಲು ಪೈಸೆಯ ನಾಣ್ಯ ಎಲ್ಲಿಯೂ ಇರಲಿಲ್ಲ. ಸರಕಾರದ ಪ್ರಕಟಣೆಯನ್ನು ಓದಲರಿಯದವರಿಗೆ ಈ ಲೆಕ್ಕವು ತಿಳಿದದ್ದು ತಕ್ಕಡಿಯ ಮುಂದೆ.

ಪೇಟೆಯ ನಿಜವಾದ ಬಂಡವಾಳವೆಂದರೆ ನಂಬಿಕೆ. ಬೆಳೆ ಕೈಗೆ ಬರುವವರೆಗೆ, ದೋಣಿ ಮೀನು ತರುವವರೆಗೆ, ಮುಂಬಯಿಯಿಂದ ಮಗನ ಮನಿಆರ್ಡರು ಬರುವವರೆಗೆ ಮನೆಗಳನ್ನು ನಡೆಸಿದ್ದು ಅಂಗಡಿಯ ಉದ್ರಿ ಪುಸ್ತಕ. ಅದು ಹಳೆಯ ಕಾಲದ ಕತೆ ಮಾತ್ರವಲ್ಲ. 2016ರ ನವೆಂಬರ್ 8ರಂದು ದೊಡ್ಡ ನೋಟುಗಳು ರದ್ದಾದಾಗ, ಕೈಯಲ್ಲಿ ಹಣವಿದ್ದೂ ಇಲ್ಲದಂತಾದವರಿಗೆ ಅಕ್ಕಿ ಬೇಳೆ ಕೊಟ್ಟದ್ದು ಮುಖಪರಿಚಯವುಳ್ಳ ಅಂಗಡಿಯೇ. 2020ರ ಮಾರ್ಚ್ 25ರಿಂದ ದೇಶವೇ ಬಾಗಿಲು ಹಾಕಿಕೊಂಡಾಗ ಊರೂರಿನಲ್ಲಿ ಕಿರಾಣಿ ಅಂಗಡಿಗಳು ಅರ್ಧ ಬಾಗಿಲು ತೆರೆದು ನೆರೆಹೊರೆಯನ್ನು ಸಲಹಿದವು. ಉದ್ರಿಯು ಎಷ್ಟೋ ಕುಟುಂಬಗಳನ್ನು ಸಾಲದಲ್ಲಿ ಮುಳುಗಿಸಿದ್ದೂ ನಿಜ. ತಕ್ಕಡಿಯ ಮೇಲೆ ಬೆರಳಿಟ್ಟವರೂ ಇದ್ದಾರೆ. ಆದರೂ ಮುಖ ನೋಡಿ ಕೊಡುವವನು ಮುಖ ನೋಡಿ ಉತ್ತರವನ್ನೂ ಹೇಳಬೇಕಾಗುತ್ತದೆ. ದೂರದ ಗೋದಾಮಿಗೆ ಆ ಸಂಕೋಚವಿಲ್ಲ.

ಕಸಬುದಾರರ ಮಾತೂ ಹಾಗೆಯೇ. ಪ್ರಥಮ ಪರಮಪ್ರಸಾದದ ಬಿಳಿಯ ಉಡುಪನ್ನು ಬೆಳೆಯುವ ಮಗುವಿಗಾಗಿ ಒಂದು ಮಡಿಕೆ ಬಿಟ್ಟು ಹೊಲಿಯುವ ದರ್ಜಿ, ಬೆಳಗಿನ ಜಾವ ಭಟ್ಟಿ ಹಚ್ಚಿ ಪಾವು ಬೇಯಿಸುವವನು, ನಡುರಾತ್ರಿ ಬಾಗಿಲು ತಟ್ಟಿದರೂ ಎದ್ದು ಶವಪೆಟ್ಟಿಗೆ ಮಾಡಿಕೊಡುವ ಬಡಗಿ, ತಲೆಯ ಮೇಲೆ ತರಕಾರಿ ಬುಟ್ಟಿ ಹೊತ್ತು ಬರುವ ಹಾಲಕ್ಕಿ ತಾಯಂದಿರು: ಇವರಲ್ಲಿ ಹಲವರು ನಮ್ಮ ಧರ್ಮದವರಲ್ಲ, ಆದರೆ ಇವರಿಲ್ಲದೆ ನಮ್ಮ ಹಬ್ಬವೂ ಇಲ್ಲ, ಅಂತ್ಯಕ್ರಿಯೆಯೂ ಇಲ್ಲ. ಅಂಕೋಲೆಯ ಕರಿ ಇಶಾಡ ಮಾವಿಗೆ 2023ರಲ್ಲಿ ಭೌಗೋಳಿಕ ಸೂಚಿಕೆಯ ಮನ್ನಣೆ ದೊರೆಯಿತು. ತೆಳು ಸಿಪ್ಪೆಯ, ಬಹುದಿನ ಇಡಲಾಗದ ಆ ಹಣ್ಣನ್ನು ಕಾಯ್ದುಕೊಂಡು ಬಂದದ್ದು ನಮ್ಮ ಸೀಮೆಯ ಹಿತ್ತಲುಗಳೂ ಹಾದಿಬದಿಯ ಬುಟ್ಟಿಗಳೂ ಅಲ್ಲವೆ?

ಈ ಜೀವನವೆಷ್ಟು ನಾಜೂಕಿನದೆಂಬುದನ್ನು 2024ರ ಜುಲೈ 16ರ ಬೆಳಿಗ್ಗೆ ನಮ್ಮ ತಾಲೂಕು ಕಂಡಿತು. ಶಿರೂರಿನಲ್ಲಿ ಗುಡ್ಡ ಕುಸಿದು ರಾಷ್ಟ್ರೀಯ ಹೆದ್ದಾರಿಯನ್ನೂ ಗಂಗಾವಳಿಯನ್ನೂ ಆವರಿಸಿದಾಗ, ದಾರಿಹೋಕರು ನಿಲ್ಲುತ್ತಿದ್ದ ಒಂದು ಚಹದ ಅಂಗಡಿ ಅದನ್ನು ನಡೆಸುತ್ತಿದ್ದ ಕುಟುಂಬದೊಡನೆ ಮಣ್ಣುಪಾಲಾಯಿತು. ಅದು ಎಂಥ ಅಂಗಡಿಯೆಂದು ದೂರದ ಊರಿನವರು ಅರಿತದ್ದು ಅದು ಇಲ್ಲವಾದ ಮೇಲೆ. ನಮ್ಮ ಊರಿನ ಅಂಗಡಿಗಳಿಗೆ ಗುಡ್ಡವೇ ಬೀಳಬೇಕಾಗಿಲ್ಲ. ನಮ್ಮ ಅಲಕ್ಷ್ಯವೇ ಸಾಕು. ಕೈಯಲ್ಲಿನ ದೂರವಾಣಿಯಿಂದಲೇ ಸರಕು ತರಿಸುವ ಇಂದಿನ ದಿನಗಳಲ್ಲಿ, ತಂದೆಯ ಗಲ್ಲೆಯ ಮೇಲೆ ಕೂರಲು ಮಗ ಹಿಂಜರಿಯುವುದು ಆಶ್ಚರ್ಯವಲ್ಲ.

1891ರಲ್ಲಿ ಜಗದ್ಗುರು 13ನೆಯ ಲಿಯೋ ಅವರು ಹೊರಡಿಸಿದ ರೇರುಮ್ ನೋವಾರುಮ್ ವಿಶ್ವಪತ್ರವು, ದುಡಿಯುವ ಜನ ಸಾಧ್ಯವಾದಷ್ಟು ಮಟ್ಟಿಗೆ ಸ್ವಂತ ಆಸ್ತಿಯುಳ್ಳವರಾಗಬೇಕೆಂದು ಬಯಸಿತು. ಹತ್ತಡಿ ಅಗಲದ ಸ್ವಂತ ಅಂಗಡಿ ಅಂಥದೊಂದು ಆಸ್ತಿ. ಎಲ್ಲವನ್ನೂ ಊರಿನಲ್ಲಿಯೇ ಕೊಳ್ಳಿರೆಂದು ನಾವು ಕಟ್ಟಳೆ ಮಾಡಲಾರೆವು; ಬಡವನಿಗೆ ಎರಡು ರೂಪಾಯಿಯ ಉಳಿತಾಯವೂ ದೊಡ್ಡದು. ಆದರೆ ಊರಿನಲ್ಲಿ ಚೆನ್ನಾಗಿ ದೊರೆಯುವುದನ್ನು ಊರಿನಲ್ಲಿಯೇ ಕೊಳ್ಳೋಣ. ಉದ್ರಿಯನ್ನು ಹೇಳಿದ ದಿನಕ್ಕೆ ತೀರಿಸೋಣ. ದರ್ಜಿಯ, ಬಡಗಿಯ ಕೂಲಿಯಲ್ಲಿ ಚೌಕಾಶಿ ಮಾಡದಿರೋಣ.

ಸ್ಮರಣ ಸಂಚಿಕೆಗಳ ಕೊನೆಯ ಹಾಳೆಗಳಲ್ಲಿ ಶುಭ ಕೋರುವ ಸಣ್ಣ ಸಣ್ಣ ಜಾಹೀರಾತುಗಳಿರುತ್ತವೆ. ಅಚ್ಚಿನ ವೆಚ್ಚಕ್ಕೆ ನೆರವಾಗುವವರು ಅವರೇ. ಓದುಗರು ಆ ಹಾಳೆಗಳನ್ನು ಮಗುಚಿ ಮುಂದೆ ಹೋಗದೆ ಒಂದೊಂದು ಹೆಸರನ್ನೂ ಓದಲೆಂದೂ, ನಾಳೆ ಆ ಬಾಗಿಲುಗಳನ್ನು ಹೊಗಲೆಂದೂ ಹಾರೈಸುತ್ತೇವೆ.